ಹದಿಮೂರು ರೂಪಾಯಿಯ ಆಚೆ: ಬೆಂಗಳೂರು ಕ್ಲಬ್ಬಿನ ಚರಿತ್ರೆಯಲ್ಲಿ ಯಾರಿದ್ದಾರೆ, ಯಾರಿಲ್ಲ?

ಹಲಸೂರು ಕೆರೆಯಂಚು

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಕ್ಲಬ್ ಎಂದೊಡನೆ ಕೇಳಿಬರುವ ಕಥೆ ಒಂದೇ. ವಿನ್‌ಸ್ಟನ್ ಚರ್ಚಿಲ್ ಹದಿಮೂರು ರೂಪಾಯಿ ಬಾಕಿ ಉಳಿಸಿ ಹೊರಟುಹೋದ, ಆ ಬಾಕಿ ಇಂದಿಗೂ ತೀರಿಲ್ಲ, ಹಳೆಯ ದಫ್ತರದಲ್ಲಿ ಅವನ ಹೆಸರು ಹಾಗೆಯೇ ಇದೆ. ಕಳೆದ ವಾರ ನನ್ನ ತಂಗಿಯ ಮಗ ಶಾಲೆಗೆ ಪ್ರಬಂಧ ಬರೆಯಬೇಕೆಂದು ನನ್ನ ಬಳಿ ಬಂದ. ‘ಮಾವ, ರೆಸಿಡೆನ್ಸಿ ರಸ್ತೆಯ ಆ ಗೋಡೆಯ ಹಿಂದೆ ಏನಿದೆ?’ ಎಂದು ಕೇಳಿದ. ನಾನೂ ಚರ್ಚಿಲ್ ಕಥೆಯನ್ನೇ ಹೇಳಲು ಬಾಯಿ ತೆರೆದೆ, ಆದರೆ ಹೇಳಲಾಗಲಿಲ್ಲ.

ಕಾರಣವಿದೆ. ನನ್ನ ತಾತ ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ಒಂದು ಕ್ಲಬ್ಬಿನಲ್ಲಿ ಬೇರರ್ ಆಗಿದ್ದರು. ಯಾವ ಕ್ಲಬ್ ಎಂಬುದು ಇಲ್ಲಿ ಬೇಡ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಿಳಿಯ ಉಡುಪು, ಸೊಂಟಕ್ಕೆ ಪಟ್ಟಿ, ತಲೆಗೆ ಪೇಟ ಧರಿಸಿ ಅದೇ ವರಾಂಡದಲ್ಲಿ ಓಡಾಡಿದವರು. ಒಬ್ಬ ಲೆಫ್ಟಿನೆಂಟ್ ಕೊಡದೆ ಹೋದ ಹದಿಮೂರು ರೂಪಾಯಿ ನೂರಿಪ್ಪತ್ತು ವರ್ಷ ನೆನಪಿನಲ್ಲಿ ಉಳಿದಿದೆ. ಅವನಿಗೆ ಲೋಟ ತಂದುಕೊಟ್ಟ ಕೈ ಯಾರದು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಈ ಕ್ಲಬ್ಬುಗಳು ಹೇಗೆ ಹುಟ್ಟಿದವು, ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ತೆರೆಯಲಿಲ್ಲ? ಹುಡುಗನಿಗೆ ಸರಿಯಾದ ಚರಿತ್ರೆ ಹೇಳಬೇಕಾಗಿದೆ.

ಕಡತಪ್ರಿಯ

ಕೆರೆಯಂಚು ಅವರೇ, ಪ್ರಶ್ನೆ ಸರಿಯಾಗಿದೆ. ಕ್ಲಬ್ಬಿನ ಕಥೆ ಕ್ಲಬ್ಬಿನಿಂದ ಶುರುವಾಗುವುದಿಲ್ಲ, ದಂಡಿನಿಂದ ಶುರುವಾಗುತ್ತದೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಅಲ್ಲಿನ ಜ್ವರಕ್ಕೆ ಸೈನಿಕರು ಸಾಲುಸಾಲಾಗಿ ಸತ್ತರು. ತಂಪು ಹವೆಯನ್ನು ಹುಡುಕಿ 1809ರಲ್ಲಿ ಬೆಂಗಳೂರು ಪೇಟೆಯ ಪೂರ್ವಕ್ಕೆ, ಹಲಸೂರಿನ ಬದಿಯಲ್ಲಿ ದಂಡು ಕಟ್ಟಿದರು. ನಮ್ಮ ಹಿರಿಯರು ಇಂದಿಗೂ ಕಂಟೋನ್ಮೆಂಟ್ ರೈಲು ನಿಲ್ದಾಣವನ್ನು ದಂಡು ನಿಲ್ದಾಣವೆಂದೇ ಕರೆಯುತ್ತಾರೆ. ಹಾಗೆ ಒಂದೇ ಹೆಸರಿನಲ್ಲಿ ಎರಡು ಊರುಗಳು ಬೆಳೆದವು. ಅತ್ತ ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆ. ಇತ್ತ ಪರೇಡ್ ಮೈದಾನ, ಬಂಗಲೆ, ಚರ್ಚು. ನಡುವೆ ಕಬ್ಬನ್ ಪಾರ್ಕಿನ ಹಸಿರು.

1868ನೇ ವರ್ಷವನ್ನು ಗಮನಿಸಿ. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕೆಂಪು ಬಣ್ಣದ, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಮುಗಿದದ್ದು ಅದೇ ವರ್ಷ. ಮೈಸೂರು ಸಂಸ್ಥಾನ ಆಗ ಮಹಾರಾಜರ ಕೈಯಲ್ಲಿರಲಿಲ್ಲ, ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು, ಆಗಿನ ಕಮಿಷನರ್ ಬೌರಿಂಗ್. ಸೇನೆಯ ಅಧಿಕಾರಿಗಳ ಗುಂಪೊಂದು ಅದೇ ವರ್ಷ ಬೆಂಗಳೂರು ಯುನೈಟೆಡ್ ಸರ್ವಿಸಸ್ ಕ್ಲಬ್ ಕಟ್ಟಿತು. ಇಂದಿನ ಬೆಂಗಳೂರು ಕ್ಲಬ್ ಅದೇ. ಸ್ವಾತಂತ್ರ್ಯದ ಹೊತ್ತಿಗೆ ಹೆಸರು ಬದಲಾಯಿತು. ‘ಸರ್ವಿಸಸ್’ ಎಂಬ ಪದದಲ್ಲೇ ಬೇಲಿ ಇದೆ. ರಾಣಿಯ ಸೇವೆಯಲ್ಲಿದ್ದ ಅಧಿಕಾರಿಗಳಿಗೆ ಮಾತ್ರ. ವ್ಯಾಪಾರ ಮಾಡುವ ಬಿಳಿಯನಿಗೂ ಇಂತಹ ಕ್ಲಬ್ಬುಗಳಲ್ಲಿ ಜಾಗ ಸಿಗುವುದು ಕಷ್ಟವಾಗಿತ್ತು. ಭಾರತೀಯನ ಮಾತು ದೂರವೇ ಉಳಿಯಿತು.

1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಮರಳಿ ಒಪ್ಪಿಸಿದಾಗಲೂ ದಂಡನ್ನು ಬಿಟ್ಟುಕೊಡಲಿಲ್ಲ. ‘ಸಿವಿಲ್ ಆಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದು 1947ರವರೆಗೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ಮೈಸೂರಿನ ಮಹಾರಾಜರ ನಾಡಿನ ನಡುವೆ ಮಹಾರಾಜರ ಕಾನೂನು ನಡೆಯದ ಒಂದು ತುಂಡು ನೆಲ. ಆ ನೆಲದೊಳಗೆ ಮತ್ತೊಂದು ಗೋಡೆ, ಗೋಡೆಯೊಳಗೆ ಕ್ಲಬ್.

ಚರ್ಚಿಲ್ ಬಂದದ್ದು 1896ರಲ್ಲಿ, ನಾಲ್ಕನೇ ಹುಸಾರ್ಸ್ ಅಶ್ವದಳದೊಂದಿಗೆ. ಇಬ್ಬರು ಗೆಳೆಯರ ಜೊತೆ ಬಂಗಲೆ ಬಾಡಿಗೆಗೆ ಹಿಡಿದು, ಗುಲಾಬಿ ಬೆಳೆಸಿ, ಚಿಟ್ಟೆ ಹಿಡಿದು, ಸಂಜೆ ಪೋಲೊ ಆಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಇತಿಹಾಸಕಾರರಾದ ಗಿಬ್ಬನ್ ಮತ್ತು ಮೆಕಾಲೆ ಅವರನ್ನು ಓದಿದ. ಓದುಗನಾದದ್ದು ಬೆಂಗಳೂರಿನಲ್ಲೇ ಎಂಬುದನ್ನು ಅವನೇ ಬರೆದಿದ್ದಾನೆ. 1899ರಲ್ಲಿ ಮೀರತ್‌ನ ಪೋಲೊ ಪಂದ್ಯ ಮುಗಿಸಿ ದೇಶ ಬಿಟ್ಟ. ಬಾಕಿದಾರರ ಪಟ್ಟಿ ತಯಾರಾದದ್ದು ಅದೇ ವರ್ಷ. ಅದರಲ್ಲಿ ಹದಿನೇಳು ಹೆಸರುಗಳಿದ್ದವು, ಅವನದು ಒಂದು. ಆಗ ಒಂದು ಪೌಂಡಿಗೆ ಹದಿನೈದು ರೂಪಾಯಿ. ಅಂದರೆ ಬಾಕಿ ಒಂದು ಪೌಂಡಿಗೂ ಕಡಿಮೆ. ಉಳಿದ ಹದಿನಾರು ಬಾಕಿದಾರರ ಬಗ್ಗೆಯೂ ಯಾರೂ ಮಾತನಾಡುವುದಿಲ್ಲ ಎಂಬುದು ನಿಮ್ಮ ಪ್ರಶ್ನೆಗೆ ಒಂದು ಸಣ್ಣ ಉತ್ತರ.

ಬಸವನಗುಡಿ ಓದುಗ

ಕಡತಪ್ರಿಯರು ಪೇಟೆಯ ಕಡೆಯ ಉತ್ತರವನ್ನು ಬಿಟ್ಟರು. ನಮ್ಮವರು ಆ ಗೋಡೆಯನ್ನು ನೋಡುತ್ತಾ ಕೂರಲಿಲ್ಲ. 1917ರಲ್ಲಿ, ದಿವಾನರಾಗಿದ್ದಾಗಲೇ, ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ ಸ್ಥಾಪಿಸಿದರು. ಕಬ್ಬನ್ ಪಾರ್ಕಿನಲ್ಲಿ ಏಳೂವರೆ ಎಕರೆ ಜಾಗ ಮಹಾರಾಜರು ಕೊಟ್ಟದ್ದು. ಭಾರತೀಯರು ತಲೆಯೆತ್ತಿ ಕೂರಬಹುದಾದ ಜಾಗ ಬೇಕಾಗಿತ್ತು, ಮಾಡಿಕೊಂಡರು. ಇದನ್ನು ಹುಡುಗನ ಪ್ರಬಂಧದಲ್ಲಿ ಮೊದಲ ಪುಟದಲ್ಲೇ ಹಾಕಿಸಿ.

ಕಡತಪ್ರಿಯ

ಒಪ್ಪಿದೆ. ಆದರೆ ಒಂದು ಮಾತು ಸೇರಿಸಬೇಕು. ಅದೇ ಏಳೂವರೆ ಎಕರೆ ಈಗ ಬೇರೆ ಪ್ರಶ್ನೆ ಎಬ್ಬಿಸಿದೆ. ಮಾಹಿತಿ ಹಕ್ಕಿನ ಅರ್ಜಿಯೊಂದರ ಮೇಲೆ ನಡೆದ ಮೊಕದ್ದಮೆಯಲ್ಲಿ 2024ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ರಾಜರಿಂದ ಜಮೀನು ಪಡೆದ ಕ್ಲಬ್ ಸಾರ್ವಜನಿಕ ಪ್ರಾಧಿಕಾರವಾಗುತ್ತದೆ, ಮಾಹಿತಿ ಕೊಡಬೇಕು ಎಂದು ಹೇಳಿತು. ಬಾಗಿಲು ಮುಚ್ಚಿದವರಿಗೆ ಎದುರಾಗಿ ಹುಟ್ಟಿದ ಸಂಸ್ಥೆಯ ಬಾಗಿಲನ್ನೂ ನೂರು ವರ್ಷದ ಮೇಲೆ ಯಾರೋ ತಟ್ಟಬೇಕಾಗಿ ಬಂತು. ವಿಶ್ವೇಶ್ವರಯ್ಯನವರ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ.

ಲೆಕ್ಕದ ಪುಸ್ತಕ

ನಾನು ವೃತ್ತಿಯಲ್ಲಿ ಲೆಕ್ಕಪರಿಶೋಧಕ. ಆ ಹದಿಮೂರು ರೂಪಾಯಿ ಸುಪ್ರೀಂ ಕೋರ್ಟಿನ ತೀರ್ಪಿನ ಮೊದಲ ಪ್ಯಾರಾದಲ್ಲೇ ಬಂದಿದೆ ಎಂಬುದು ನಿಮಗೆ ತಿಳಿದಿರಲಿ. 2020ರ ಸೆಪ್ಟೆಂಬರಿನಲ್ಲಿ ಬಂದ ಸಂಪತ್ತು ತೆರಿಗೆಯ ತೀರ್ಪು ಅದು.

ಮೊದಲು, ಬಾಕಿ ಹೇಗೆ ಹುಟ್ಟುತ್ತಿತ್ತು ಎಂಬುದನ್ನು ನೋಡೋಣ. ಕ್ಲಬ್ಬಿನೊಳಗೆ ನಗದು ಕೈ ಬದಲಿಸುತ್ತಿರಲಿಲ್ಲ. ಊಟ, ಮದ್ಯ, ಬಿಲಿಯರ್ಡ್ಸ್ ಎಲ್ಲಕ್ಕೂ ಸದಸ್ಯ ಚಿಟ್‌ಗೆ ಸಹಿ ಹಾಕುತ್ತಾನೆ, ತಿಂಗಳ ಕೊನೆಗೆ ಬಿಲ್ ಬರುತ್ತದೆ. ಇಂಗ್ಲಿಷಿನ ‘ಚಿಟ್’ ಎಂಬ ಪದವೇ ನಮ್ಮ ಚೀಟಿ, ಹಿಂದಿಯ ಚಿಟ್ಠಿಯ ಬಳಗದಿಂದ ಹೋದದ್ದು. ಸದಸ್ಯನ ಮಾತಿನ ಮೇಲೆ ಕ್ಲಬ್ ಇಟ್ಟ ನಂಬಿಕೆ ಅದು. ರೆಜಿಮೆಂಟ್ ಊರು ಬಿಟ್ಟಾಗ ಕೊನೆಯ ತಿಂಗಳ ಚೀಟಿಗಳು ಹಾಗೆಯೇ ಉಳಿಯುತ್ತಿದ್ದವು.

ಈಗ ತೆರಿಗೆಯ ವಿಷಯ. ಇಡೀ ಕ್ಲಬ್ ವ್ಯವಸ್ಥೆ ನಿಂತಿರುವುದು ಪರಸ್ಪರತೆ ಎಂಬ ತತ್ತ್ವದ ಮೇಲೆ. ಮನೆಯ ನಾಲ್ಕು ಮಂದಿ ಹುಂಡಿಯಲ್ಲಿ ಹಣ ಹಾಕಿ, ಅದೇ ಹಣದಲ್ಲಿ ಹಬ್ಬ ಮಾಡಿ, ಉಳಿದದ್ದನ್ನು ಮತ್ತೆ ಹುಂಡಿಗೇ ಹಾಕಿದರೆ ಅದು ಲಾಭವೇ? ಅಲ್ಲ. ತನ್ನಿಂದ ತಾನೇ ಯಾರೂ ಲಾಭ ಗಳಿಸಲಾರರು. ಹಣ ಕೊಟ್ಟವರೂ ಅನುಭವಿಸುವವರೂ ಒಂದೇ ಬಳಗವಾಗಿರುವವರೆಗೆ ಆದಾಯ ತೆರಿಗೆ ಇಲ್ಲ.

ಬೆಂಗಳೂರು ಕ್ಲಬ್ ಈ ತತ್ತ್ವವನ್ನು ಬ್ಯಾಂಕಿನವರೆಗೆ ಎಳೆದಾಗ ಎಳೆ ಹರಿಯಿತು. ತನ್ನಲ್ಲಿ ಕಾರ್ಪೊರೇಟ್ ಸದಸ್ಯರಾಗಿದ್ದ ಬ್ಯಾಂಕುಗಳಲ್ಲಿ ಠೇವಣಿ ಇಟ್ಟು, ಬಡ್ಡಿಗೂ ತೆರಿಗೆ ಬೇಡ ಎಂದಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬ್ಯಾಂಕು ಆ ಹಣವನ್ನು ಹೊರಗಿನವರಿಗೆ ಸಾಲ ಕೊಟ್ಟು ಗಳಿಸುತ್ತದೆ, ಹುಂಡಿ ಮನೆಯಿಂದ ಹೊರಗೆ ಹೋದ ಮೇಲೆ ಪರಸ್ಪರತೆ ಎಲ್ಲಿ ಉಳಿಯಿತು ಎಂಬುದು ತೀರ್ಪಿನ ಸಾರ. ಸರಿಯಾದ ತೀರ್ಪು ಎಂದೇ ನನ್ನ ಅಭಿಪ್ರಾಯ.

2020ರಲ್ಲಿ ಕ್ಲಬ್ ಗೆದ್ದಿತು. ಇದು ಲಾಭಕ್ಕಾಗಿ ಸೇರಿದ ಕೂಟವಲ್ಲ, ಆದ್ದರಿಂದ ಸದಸ್ಯರ ಪಾಲು ಇಂತಿಷ್ಟೆಂದು ಗೊತ್ತಿಲ್ಲದ ಕೂಟಗಳಿಗೆ ಸಂಪತ್ತು ತೆರಿಗೆ ಹಾಕುವ 21ಎಎ ಕಲಮು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಅಷ್ಟರಲ್ಲಿ ಸಂಪತ್ತು ತೆರಿಗೆಯೇ ರದ್ದಾಗಿ ಐದು ವರ್ಷವಾಗಿತ್ತು.

ಕೆರೆಯಂಚು ಅವರೇ, ನಿಮ್ಮ ತಾತನ ವಿಷಯಕ್ಕೆ ಬರುತ್ತೇನೆ. ಪರಸ್ಪರತೆಯ ಹುಂಡಿಯಲ್ಲಿ ಸದಸ್ಯರು ಮಾತ್ರ ಇದ್ದಾರೆ. ಹಬ್ಬದ ಅಡಿಗೆ ಮಾಡಿದವರು ಖರ್ಚಿನ ಕಾಲಂನಲ್ಲಿ ಬರುತ್ತಾರೆ, ಸಂಬಳ ಎಂಬ ಒಂದೇ ಸಾಲಿನಲ್ಲಿ. ಹಳೆಯ ಲೆಕ್ಕಪತ್ರದಲ್ಲಿ ಅವರನ್ನು ಹುಡುಕುವುದಾದರೆ ಅಲ್ಲಿ ಹುಡುಕಬೇಕು.

ಚಾಂಪಿಯನ್ ರೀಫ್ ಮೊಮ್ಮಗ

ಬೆಂಗಳೂರಿನ ಕ್ಲಬ್ಬಿಗೆ ಊರಿನ ಗದ್ದಲವಾದರೂ ಕೇಳುತ್ತಿತ್ತು. ನಿಜವಾದ ಮುಚ್ಚಿದ ಕ್ಲಬ್ ನೋಡಬೇಕಾದರೆ ನಮ್ಮ ಕೋಲಾರ ಚಿನ್ನದ ಗಣಿಗೆ ಬನ್ನಿ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. ಕಂಪನಿಯ ಇಂಗ್ಲಿಷ್ ಅಧಿಕಾರಿಗಳಿಗೆ ಬಂಗಲೆ, ತೋಟ, ಚರ್ಚು, ಆಸ್ಪತ್ರೆ, ಗಾಲ್ಫ್ ಮೈದಾನದೊಂದಿಗೆ ಕ್ಲಬ್. ಊರಿಗೇ ‘ಲಿಟಲ್ ಇಂಗ್ಲೆಂಡ್’ ಎಂದು ಹೆಸರಾಯಿತು. ಆಂಗ್ಲೋ ಇಂಡಿಯನ್ನರಿಗೆ ಆ ಕ್ಲಬ್ಬಿನ ಬಾಗಿಲಿಲ್ಲ, ಅವರು ಬೇರೆ ಕಡೆ ಸೇರುತ್ತಿದ್ದರು. ಗಣಿಗೆ ಇಳಿಯುವವರಿಗೆ ಇದ್ದದ್ದು ಕೂಲಿ ಲೈನು. ಬಿದಿರು ತಟ್ಟಿಯ ಗೋಡೆ, ಒಂದೇ ಕೋಣೆ. ನಮ್ಮ ತಾತ ಉತ್ತರ ಆರ್ಕಾಟಿನಿಂದ ಬಂದು ಆ ತಟ್ಟಿ ಮನೆಯಲ್ಲೇ ಮದುವೆಯಾದವರು, ಅಲ್ಲೇ ಏಳು ಮಕ್ಕಳನ್ನು ಬೆಳೆಸಿದವರು.

1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರು ನಗರಕ್ಕೆ ದೀಪ ಬರುವುದಕ್ಕೆ ಮೂರು ವರ್ಷ ಮೊದಲು. ಇದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ಆ ವಿದ್ಯುತ್ ಬಂದದ್ದು ಗಣಿಯ ಯಂತ್ರಕ್ಕಾಗಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆ ನಡುಗುತ್ತಿತ್ತು. ಆ ಸದ್ದಿಗೆ ನಮ್ಮ ಅಜ್ಜಿ ಮಾತಿಲ್ಲದೆ ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ.

ಮೇಲೆ ಲೆಕ್ಕದ ಪುಸ್ತಕ ಅವರು ಸಹಿಯ ನಂಬಿಕೆಯ ಬಗ್ಗೆ ಬರೆದಿದ್ದಾರೆ. ಅದನ್ನು ಓದಿ ನನಗೆ ಮೈ ಬಿಸಿಯಾಯಿತು. 1930ರಲ್ಲಿ ಕಂಪನಿ ಗಣಿ ಕಾರ್ಮಿಕರ ಬೆರಳಚ್ಚು ದಾಖಲಿಸಲು ಹೊರಟಿತು. ಕಳ್ಳರ ಬೆರಳಚ್ಚು ತೆಗೆದ ಹಾಗೆ ನಮ್ಮದನ್ನೂ ತೆಗೆಯುವುದೇ ಎಂದು ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ವಾರಗಟ್ಟಲೆ ಗಣಿ ನಿಂತಿತು. ಕ್ಲಬ್ಬಿನಲ್ಲಿ ಸಾಹೇಬನ ಸಹಿಯೇ ಸಾಕು, ಗಣಿಯಲ್ಲಿ ಮನುಷ್ಯನ ಬೆರಳೂ ಬೇಕು. ಎರಡೂ ಒಂದೇ ಊರಿನಲ್ಲಿ, ಒಂದೇ ಚಿನ್ನದ ಹಣದಲ್ಲಿ.

2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸಯನೈಡ್ ದಿಬ್ಬಗಳು ಹಾಗೆಯೇ ಇವೆ. ಬೇಸಿಗೆಯ ಗಾಳಿಗೆ ಅದರ ಧೂಳು ಬೀಳುವುದು ಲೈನಿನ ಮನೆಗಳ ಮೇಲೆ.

ಹಸಿರು ಕುರ್ಚಿ

ನಾನು ನಗರದ ಹಳೆಯ ಕ್ಲಬ್ಬೊಂದರ ಸದಸ್ಯ. ಇಲ್ಲಿ ಬಂದ ಮಾತುಗಳನ್ನು ಗೌರವದಿಂದ ಓದಿದೆ. ಎದುರು ಮಾತನ್ನೂ ಹೇಳಬೇಕಾಗಿದೆ.

ರೆಸಿಡೆನ್ಸಿ ರಸ್ತೆಯ ಉದ್ದಕ್ಕೂ ಎಷ್ಟು ಬಂಗಲೆಗಳಿದ್ದವು, ಈಗ ಎಷ್ಟು ಉಳಿದಿವೆ? ಗಾಜಿನ ಗೋಪುರಗಳ ನಡುವೆ ಹೆಂಚಿನ ಮಾಡು, ಅಗಲವಾದ ವರಾಂಡ, ನೂರು ವರ್ಷದ ಮಳೆಮರ ಉಳಿದಿದ್ದರೆ ಅದು ಕ್ಲಬ್ಬಿನ ಗೋಡೆಯೊಳಗೆ. ಮಾರಾಟವಾಗಿದ್ದರೆ ಅಲ್ಲೊಂದು ಮಾಲ್ ಇರುತ್ತಿತ್ತು. ಗ್ರಂಥಾಲಯ, ಹಳೆಯ ದಫ್ತರ, ಪೀಠೋಪಕರಣ ಎಲ್ಲವನ್ನೂ ಉಳಿಸಿಕೊಂಡವರು ಸದಸ್ಯರೇ. ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲಿದೆ. ಯಾರೊಡನೆ ಸೇರಬೇಕು ಎಂಬುದು ಸೇರುವವರ ಆಯ್ಕೆ. ದೇವಸ್ಥಾನದ ಬಾಗಿಲೂ ಗೆಳೆಯರ ಮನೆಯ ಬಾಗಿಲೂ ಒಂದೇ ಅಲ್ಲ.

ಕೆರೆಯಂಚು ಅವರ ತಾತನ ವಿಷಯ ಮಾತ್ರ ನನ್ನ ಮನಸ್ಸಿಗೆ ನಾಟಿತು. ನಮ್ಮ ಕ್ಲಬ್ಬಿನಲ್ಲಿ ಅಧ್ಯಕ್ಷರ ಹೆಸರುಗಳು ಮರದ ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿವೆ. ಅಡುಗೆಯವರ ಹಲಗೆ ಇಲ್ಲ. ಹದಿನೆಂಟು ವರ್ಷ ಆ ಹಲಗೆಯ ಕೆಳಗೆ ಕುಳಿತು ಕಾಫಿ ಕುಡಿದಿದ್ದೇನೆ, ಇದು ಹೊಳೆದಿರಲಿಲ್ಲ.

ಮಲ್ಲೇಶ್ವರದ ಮಗಳು

ಹಸಿರು ಕುರ್ಚಿ ಸರ್, ಮರ ಉಳಿದದ್ದಕ್ಕೆ ನನಗೂ ಸಂತೋಷ. ಆದರೆ ‘ಸೇರುವವರ ಆಯ್ಕೆ’ ಎಂಬ ಮಾತಿನಲ್ಲಿ ಹೆಂಗಸರು ಎಲ್ಲಿದ್ದರು? ನಮ್ಮ ಅಪ್ಪ ಒಂದು ಕ್ಲಬ್ಬಿನ ಸದಸ್ಯರಾಗಿದ್ದರು. ಅಮ್ಮ ಮೂವತ್ತು ವರ್ಷ ಅಲ್ಲಿ ‘ಸದಸ್ಯರ ಪತ್ನಿ’. ಅಪ್ಪ ತೀರಿಕೊಂಡ ಮೇಲೆ, ಹದಿಮೂರನೆಯ ದಿನದ ಕಾರ್ಯ ಮುಗಿದು ಇನ್ನೂ ಒಂದು ತಿಂಗಳಾಗಿರಲಿಲ್ಲ, ಅಮ್ಮನ ಗುರುತಿನ ಚೀಟಿ ಯಾವ ವರ್ಗಕ್ಕೆ ಸೇರುತ್ತದೆ ಎಂದು ಸಮಿತಿ ತೀರ್ಮಾನಿಸಬೇಕು ಎಂಬ ಪತ್ರ ಬಂತು. ಅಮ್ಮ ಆ ಪತ್ರವನ್ನು ಮಡಚಿ ಪಂಚಾಂಗದೊಳಗೆ ಇಟ್ಟರು. ಮತ್ತೆ ಅತ್ತ ಹೋಗಲಿಲ್ಲ. ಅಲ್ಲಿನ ಗ್ರಂಥಾಲಯದಲ್ಲಿ ಅವರಷ್ಟು ಪುಸ್ತಕ ಓದಿದವರು ಇರಲಿಲ್ಲ.

1907ರಲ್ಲಿ ಹುಟ್ಟಿದ ಕಲ್ಕತ್ತಾ ಕ್ಲಬ್ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 2007ರಲ್ಲಿ. ಭಾರತೀಯರಿಗೂ ಬಾಗಿಲು ಇರಲಿ ಎಂದೇ ಹುಟ್ಟಿದ ಕ್ಲಬ್ ಅದು. ಹೆಂಗಸರಿಗೆ ತೆರೆಯಲು ಸರಿಯಾಗಿ ನೂರು ವರ್ಷ ಹಿಡಿಯಿತು.

ಕರೆಯಂಚಿನ ಪಂಚೆ

ನನ್ನ ಅನುಭವ ಚಿಕ್ಕದು. ಸೋದರಳಿಯನ ಆರತಕ್ಷತೆ ಒಂದು ಕ್ಲಬ್ಬಿನ ಸಭಾಂಗಣದಲ್ಲಿತ್ತು. ಹೆಸರು ಹೇಳುವುದಿಲ್ಲ. ಮೇಲುಕೋಟೆಯಿಂದ ತಂದ ಕರೆಯಂಚಿನ ಪಂಚೆ, ಶಲ್ಯ ಹೊದ್ದು ಹೋಗಿದ್ದೆ. ಬಾಗಿಲಲ್ಲಿದ್ದ ಹುಡುಗ ತಲೆ ತಗ್ಗಿಸಿ, ‘ಯಜಮಾನರೇ, ಸಭಾಂಗಣಕ್ಕೆ ಹಿಂಬದಿಯಿಂದ ಹೋಗಿ, ಈ ವರಾಂಡದಲ್ಲಿ ಪಂಚೆಗೆ ಅನುಮತಿ ಇಲ್ಲ’ ಎಂದ. ಅವನೂ ನಮ್ಮ ಕಡೆಯವನೇ, ಮಾತಿನಲ್ಲಿ ಮಂಡ್ಯ ಇತ್ತು. ಅವನ ತಪ್ಪೇನೂ ಇಲ್ಲ. ನನಗಿಂತ ಹೆಚ್ಚು ನೊಂದವನು ಅವನು.

ತಮಿಳುನಾಡಿನಲ್ಲಿ 2014ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನೇ ವೇಷ್ಟಿ ಉಟ್ಟ ಕಾರಣಕ್ಕೆ ಚೆನ್ನೈನ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನಲ್ಲಿ ತಡೆದರು. ಮುಂದಿನ ತಿಂಗಳೇ ಅಲ್ಲಿನ ವಿಧಾನಸಭೆ ಕಾನೂನು ಮಾಡಿತು. ತಡೆದರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಪರವಾನಗಿ ರದ್ದು. ನಮ್ಮಲ್ಲೂ ಅಂತಹ ಕಾನೂನು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಅಟ್ಲಾಂಟಾ ಕನ್ನಡಿಗ

ನಾನಿರುವ ಜಾರ್ಜಿಯಾ ರಾಜ್ಯದಲ್ಲಿ ಆಗಸ್ಟಾ ನ್ಯಾಷನಲ್ ಗಾಲ್ಫ್ ಕ್ಲಬ್ ಇದೆ. ಹಿಂದೆ ಗಿಡಗಳ ನರ್ಸರಿಯಾಗಿದ್ದ ಜಾಗದಲ್ಲಿ ಬಾಬಿ ಜೋನ್ಸ್ ಮತ್ತು ಕ್ಲಿಫರ್ಡ್ ರಾಬರ್ಟ್ಸ್ ಕಟ್ಟಿದ ಕ್ಲಬ್. 1934ರಿಂದ ಅಲ್ಲಿ ಮಾಸ್ಟರ್ಸ್ ಪಂದ್ಯ ನಡೆಯುತ್ತದೆ. 1983ರ ಮೊದಲು ಮಾಸ್ಟರ್ಸ್ ಆಡುವವರೆಲ್ಲ ಆಟಗಾರನ ಚೀಲ ಹೊರುವ ಕೆಲಸಕ್ಕೆ ಕ್ಲಬ್ಬಿನ ಕ್ಯಾಡಿಗಳನ್ನೇ ಬಳಸಬೇಕಿತ್ತು, ಆ ಕ್ಯಾಡಿಗಳೆಲ್ಲ ಕಪ್ಪು ಜನಾಂಗದವರು. ಕಪ್ಪು ಆಟಗಾರ ಲೀ ಎಲ್ಡರ್ ಮೊದಲ ಬಾರಿಗೆ ಆಡಿದ್ದು 1975ರಲ್ಲಿ. ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ, ಮೊದಲ ಇಬ್ಬರು ಮಹಿಳೆಯರು 2012ರಲ್ಲಿ.

1990ರಲ್ಲಿ ಬಾಗಿಲು ತೆರೆಯಲು ಕಾರಣ ಮನಃಪರಿವರ್ತನೆಯಲ್ಲ. ಅಲಬಾಮಾದ ಇನ್ನೊಂದು ಕ್ಲಬ್ ಕಪ್ಪು ಸದಸ್ಯರು ಬೇಡ ಎಂದು ಬಹಿರಂಗವಾಗಿ ಹೇಳಿ, ದೊಡ್ಡ ಕಂಪನಿಗಳು ಟಿವಿ ಜಾಹೀರಾತು ಹಿಂತೆಗೆದುಕೊಂಡವು. ಆಟ ನೋಡುವವರು ಕೋಟಿ ಜನ, ಹಣ ಕೊಡುವವರು ಹೊರಗಿನವರು. ನಮ್ಮ ಕ್ಲಬ್ಬುಗಳಿಗೆ ಹೊರಗಿನ ಹಣವೇ ಬೇಡ, ಆದ್ದರಿಂದ ಹೊರಗಿನ ಮಾತೂ ಒಳಗೆ ಹೋಗುವುದಿಲ್ಲ. ಲೆಕ್ಕದ ಪುಸ್ತಕ ಅವರ ಹುಂಡಿಯ ಉದಾಹರಣೆ ಓದಿದಾಗ ನನಗೆ ಅರ್ಥವಾದದ್ದು ಇದು.

ಲೆಕ್ಕದ ಪುಸ್ತಕ

ಹೌದು. ನಮ್ಮಲ್ಲಿ ಹೊರಗಿನ ಮಾತು ಒಳಗೆ ಹೋಗುವ ದಾರಿ ಜಮೀನಿನ ಕಾಗದ. ದೆಹಲಿ ಜಿಮ್‌ಖಾನಾದ ಆಡಳಿತ ಸಮಿತಿಗೆ ತನ್ನ ಸದಸ್ಯರನ್ನು ನೇಮಿಸಲು ಕೇಂದ್ರ ಸರ್ಕಾರಕ್ಕೆ 2022ರಲ್ಲಿ ಕಂಪನಿ ನ್ಯಾಯಮಂಡಳಿ ಅನುಮತಿ ಕೊಟ್ಟಿತು. ಅಲ್ಲಿಯೂ ವಾದದ ಬೇರು ಸರ್ಕಾರ ಕೊಟ್ಟ ನೆಲದಲ್ಲೇ ಇತ್ತು.

ಹಲಸೂರು ಕೆರೆಯಂಚು

ಎಲ್ಲರಿಗೂ ಕೃತಜ್ಞತೆ. ಒಂದೊಂದನ್ನೂ ಹುಡುಗನಿಗೆ ಓದಿ ಹೇಳಿದೆ. ಗಣಿಯ ಬೆರಳಚ್ಚಿನ ಭಾಗವನ್ನು ಎರಡು ಸಲ ಓದಿಸಿಕೊಂಡ. ಅನಂತರ ನಾವಿಬ್ಬರೂ ಅಟ್ಟ ಹತ್ತಿ ತಾತನ ತಗಡಿನ ಟ್ರಂಕ್ ಇಳಿಸಿದೆವು.

ಒಳಗೆ ಚೀಟಿಗಳ ಕಟ್ಟು ಸಿಕ್ಕಿತು. ಇದು ಲೆಕ್ಕದ ಪುಸ್ತಕ ಅವರು ಹೇಳಿದ ಚೀಟಿಯಲ್ಲ. ಸಾಹೇಬರು ಊರು ಬಿಡುವಾಗ ಕೆಲಸದವರಿಗೆ ಬರೆದುಕೊಡುತ್ತಿದ್ದ ಶಿಫಾರಸು ಪತ್ರ. ಹೊಸ ಸಾಹೇಬರ ಮುಂದೆ ಇದನ್ನು ಹಿಡಿದು ನಿಂತರೆ ಕೆಲಸ. ಒಟ್ಟು ಒಂಬತ್ತು ಇವೆ. ಪ್ರಾಮಾಣಿಕ, ಕುಡಿಯುವುದಿಲ್ಲ, ಬೆಳ್ಳಿ ಸಾಮಾನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದೆಲ್ಲ ಬರೆದಿದೆ. ಆರು ಪತ್ರಗಳಲ್ಲಿ ತಾತನ ಹೆಸರಿಲ್ಲ, ‘ಬಾಯ್’ ಎಂದಷ್ಟೇ ಇದೆ. ಆಗ ತಾತನಿಗೆ ನಲವತ್ತು ದಾಟಿತ್ತು, ನಮ್ಮ ಅಪ್ಪ ಶಾಲೆಗೆ ಹೋಗುತ್ತಿದ್ದರು.

ಪತ್ರಗಳ ಅಡಿಯಲ್ಲಿ ಒಂದು ಫೋಟೊ. ಮುಂದಿನ ಸಾಲಿನಲ್ಲಿ ಕುರ್ಚಿಗಳ ಮೇಲೆ ಸಮಿತಿಯವರು. ಅವರ ಹೆಸರುಗಳೆಲ್ಲ ರಟ್ಟಿನ ಕೆಳಗೆ ಅಚ್ಚಾಗಿವೆ, ಪದವಿ ಸಮೇತ. ಹಿಂದೆ ನಿಂತ ಹನ್ನೊಂದು ಮಂದಿಗೆ ಸೇರಿ ಒಂದೇ ಪದ, ‘ಸಿಬ್ಬಂದಿ’ ಎಂದು ಇಂಗ್ಲಿಷಿನಲ್ಲಿ. ನಿನ್ನೆ ಅದನ್ನು ಸೋದರತ್ತೆಯ ಮನೆಗೆ ಒಯ್ದೆವು. ಅತ್ತೆಗೆ ಎಂಬತ್ತೆಂಟು ವರ್ಷ, ಕಣ್ಣು ಮಂಜು. ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು, ಒಬ್ಬೊಬ್ಬರನ್ನೇ ಹೇಳುತ್ತಾ ಹೋದರು. ಇವರು ಮಸಾಲ್ಚಿ, ಪಾತ್ರೆ ತೊಳೆಯುವವರು, ಇವರ ಮಗಳು ನನ್ನ ಜೊತೆ ಓದಿದವಳು. ಇವರು ಬಟ್ಲರ್, ಕ್ರಿಸ್‌ಮಸ್‌ಗೆ ನಮಗೆ ಕೇಕು ತರುತ್ತಿದ್ದರು. ಇವರು ಮಾಲಿ, ಗಂಗಮ್ಮನ ಜಾತ್ರೆಯಲ್ಲಿ ತಮಟೆ ಬಾರಿಸುತ್ತಿದ್ದರು. ಹುಡುಗ ಎಲ್ಲವನ್ನೂ ಬರೆದುಕೊಂಡ. ತಾತನೂ ಸೇರಿ ಏಳು ಮಂದಿಯ ಹೆಸರು ಸಿಕ್ಕಿತು.

ನಾಲ್ವರು ಉಳಿದಿದ್ದಾರೆ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು ಎತ್ತರದ ಆಳು, ಕಿವಿಯಲ್ಲಿ ಕಡುಕು, ಎಡಗೈಯ ಕಿರುಬೆರಳು ಇಲ್ಲ. ಅವರ ಪಕ್ಕದಲ್ಲಿ ಹದಿನಾಲ್ಕು ಹದಿನೈದರ ಹುಡುಗ, ಕೈಯಲ್ಲಿ ಟೆನಿಸ್ ಚೆಂಡುಗಳ ಬುಟ್ಟಿ. ಬಲತುದಿಯಲ್ಲಿ ಇಬ್ಬರು ಅಣ್ಣತಮ್ಮಂದಿರಂತೆ ಕಾಣುತ್ತಾರೆ, ಇಬ್ಬರ ಹಣೆಯ ಮೇಲೂ ವಿಭೂತಿ. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ನೀಲಸಂದ್ರದ ಹಳೆಯ ಮನೆಗಳವರು ಇಲ್ಲಿದ್ದರೆ ನಿಮ್ಮ ಮನೆಯ ಹಿರಿಯರನ್ನು ದಯವಿಟ್ಟು ಕೇಳಿ. ಬೆರಳಿಲ್ಲದವರ ನೆನಪು ಯಾರಿಗಾದರೂ ಇದ್ದೇ ಇರುತ್ತದೆ.